ಟ್ಯೂಬಿನ ಮೇಲೊಂದು ಸಾಲು ಹೊಲಿಗೆ

ಮೂರು ವಾರಗಳಿಂದ ಜಿತೇಂದ್ರ ತನ್ನ ಹೆಂಡತಿಯೊಂದಿಗೆ ತಾಯಿಯ ಮೂಲಕ ಮಾತಾಡುತ್ತಿದ್ದ. ಹೆಂಡತಿ ಹರಿಣಾಕ್ಷಿಯೂ ಬಿಟ್ಟವಳಲ್ಲ, ಅತ್ತೆಯ ಮೂಲಕವೇ ಉತ್ತರ ಕೊಡುತ್ತಿದ್ದಳು. ನಡುವೆ ಸಿಕ್ಕಿಬಿದ್ದ ಅಮ್ಮಣ್ಣಿಗೆ ಎಪ್ಪತ್ತೆರಡು ವರ್ಷ. ಊಟಕ್ಕೆ ಕೂತರೆ ಆಕೆಯ ಕುತ್ತಿಗೆ ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ನೋಯುತ್ತಿತ್ತು.

"ಅಮ್ಮ, ಉಪ್ಪಿನಕಾಯಿ ಎಲ್ಲಿ ಉಂಟು ಅಂತ ಕೇಳು."

"ಅತ್ತೆ, ಅವರ ಬಟ್ಟಲಿನ ಹಿಂದೆಯೇ ಉಂಟು ಅಂತ ಹೇಳಿ."

ಅಮ್ಮಣ್ಣಿ ಬಾಟಲಿಯನ್ನು ಮಗನ ಮುಂದಕ್ಕೆ ನೂಕುತ್ತಿದ್ದಳು.

ತಪ್ಪು ಯಾರದೆಂದು ಕೇಳಿದರೆ ಜಿತೇಂದ್ರನದೇ. ಅದರಲ್ಲಿ ಎರಡು ಮಾತಿಲ್ಲ. ಹರಿಣಾಕ್ಷಿಯ ತಂಗಿ ಶರ್ಮಿಳಾ ಅಂಬಲಪಾಡಿಯಲ್ಲಿ ಹೊಸ ಮನೆ ಕಟ್ಟಿಸಿ ಒಕ್ಕಲಾದ ದಿನ ಊಟದ ಹೊತ್ತಿಗೆ ಹೆಂಗಸರೆಲ್ಲ ಶರ್ಮಿಳಾಳ ರವಿಕೆಯನ್ನು ಹಿಂದಿನಿಂದ ಮುಂದಿನಿಂದ ನೋಡಿ, ಹೊಲಿದ ಹರಿಣಾಕ್ಷಿಯನ್ನು ಹೊಗಳುತ್ತಿದ್ದರು. ಹೊಗಳಿಕೆ ತನ್ನ ಕಡೆಗೂ ಸ್ವಲ್ಪ ಹರಿದು ಬರಲಿ ಎಂದು ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಜಿತೇಂದ್ರನಿಗೆ ಅನಿಸಿತೋ, ಹೋಳಿಗೆ ತಲೆಗೇರಿತೋ, ನಡುವೆ ಬಾಯಿ ಹಾಕಿದ. "ಹೊಲಿಗೆಯಲ್ಲಿ ಎಂತ ಉಂಟು ಮಾರಾಯ್ರೆ? ಸೂಜಿ ಮೇಲೆ ಕೆಳಗೆ ಹೋಗ್ತದೆ, ಬಟ್ಟೆ ಮುಂದೆ ಹೋಗ್ತದೆ. ಕರೆಂಟ್ ಒಂದು ಇದ್ದರೆ ಸಾಕು. ಪಂಕ್ಚರ್ ಹಾಗಲ್ಲ. ಅದಕ್ಕೆ ತಲೆ ಬೇಕು."

ಗಂಡಸರು ನಕ್ಕರು. ಹರಿಣಾಕ್ಷಿಯೂ ನಕ್ಕಳು, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಳು. ಕಾಪುವಿಗೆ ಹಿಂತಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಮಾತ್ರ ತನಗೊಂದು, ಅತ್ತೆಗೊಂದು ಟಿಕೇಟು ತೆಗೆದು ಕಿಟಕಿಯ ಕಡೆ ಮುಖ ಮಾಡಿದಳು. ಅಷ್ಟರಲ್ಲೇ ಅವನಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮಣ್ಣಿ ಕಾಫಿ ಲೋಟದೊಂದಿಗೆ ಮೊದಲ ಸಂದೇಶ ತಂದಳು: "ಹತ್ತು ಜನರ ಮುಂದೆ ಹೇಳಿದ್ದನ್ನು ಹತ್ತು ಜನರ ಮುಂದೆಯೇ ಹಿಂದೆ ತೆಗೆದುಕೊಳ್ಳಬೇಕಂತೆ. ಅಲ್ಲಿಯವರೆಗೆ ನಿನ್ನ ಜೊತೆ ಮಾತಿಲ್ಲವಂತೆ."

"ಹಾಗಾದರೆ ನನಗೂ ಮಾತಿಲ್ಲ ಅಂತ ಹೇಳು," ಎಂದುಬಿಟ್ಟ ಜಿತೇಂದ್ರ. ಗಂಡಸಿನ ಪೌರುಷ ಇಂತಹ ಕಡೆ ತಪ್ಪದೆ ಹಾಜರಾಗುತ್ತದೆ.

ಆ ಪೌರುಷ ನಾಲ್ಕು ದಿನ ಚೆನ್ನಾಗಿತ್ತು. ಐದನೆಯ ದಿನದಿಂದ ಅವನಿಗೆ ಮನೆ ಬೇಡವಾಯಿತು. ಹದಿನೇಳು ವರ್ಷಗಳಿಂದ ಅಂಗಡಿ ಮುಚ್ಚಿ ಬಂದ ಕೂಡಲೇ "ಇವತ್ತು ಎಷ್ಟು ಗಾಡಿ?" ಎಂದು ಕೇಳುತ್ತಿದ್ದವಳು ಈಗ ಕೇಳುತ್ತಿರಲಿಲ್ಲ. ಕೇಳುತ್ತಿದ್ದಾಗ ಅವನು ಸರಿಯಾಗಿ ಉತ್ತರವನ್ನೂ ಕೊಟ್ಟವನಲ್ಲ. ಈಗ ಯಾರೂ ಕೇಳದಿದ್ದರೂ ಹೆದ್ದಾರಿಯಿಂದ ಮನೆಗೆ ಬರುವ ದಾರಿಯುದ್ದಕ್ಕೂ "ಹನ್ನೊಂದು ಬೈಕು, ಎರಡು ರಿಕ್ಷಾ, ಒಂದು ಟೆಂಪೊ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೂ ಹತ್ತು ಜನರನ್ನು ಸೇರಿಸಿ ತಪ್ಪೊಪ್ಪಿಕೊಳ್ಳುವುದೆಂದರೆ? ಅದಕ್ಕೇನು ಆಮಂತ್ರಣ ಪತ್ರಿಕೆ ಹೊಡೆಸುವುದೇ?

ಹೀಗಿರುವಾಗ ಒಂದು ಬುಧವಾರ ಅವನ ಪಂಕ್ಚರ್ ಅಂಗಡಿಯ ಮುಂದೆ ವನೆಸ್ಸಾ ಎಂಬ ಹುಡುಗಿ ಕಾರು ನಿಲ್ಲಿಸಿದಳು. ಊರು ಕಾರ್ಕಳ, ಕೆಲಸ ಮಣಿಪಾಲದಲ್ಲಿ ಪಾಠ ಹೇಳುವುದು, ಹುಚ್ಚು ಸಮುದ್ರದ್ದು. ಕಾರ್ಕಳದಲ್ಲಿ ಬಂಡೆಗಳಿವೆ, ಕೆರೆಗಳಿವೆ, ಸಮುದ್ರವೊಂದಿಲ್ಲ. ಅದರ ಕೊರತೆಯನ್ನು ತೀರಿಸಿಕೊಳ್ಳಲೆಂದೇ ಅವಳು ರಜೆ ಸಿಕ್ಕಿದಾಗಲೆಲ್ಲ ಕಾಪು ಬೀಚಿಗೆ ಬಂದು, ಕಾಲಿಗೆ ಹಲಗೆ ಕಟ್ಟಿಕೊಂಡು, ಆಕಾಶದಲ್ಲೊಂದು ದೊಡ್ಡ ಗಾಳಿಪಟ ಬಿಟ್ಟು, ಅದು ಎಳೆದಂತೆ ನೀರಿನ ಮೇಲೆ ಓಡುತ್ತಿದ್ದಳು.

"ಅಂಕಲ್, ಕೈಟಿಗೆ ಪಂಕ್ಚರ್ ಹಾಕ್ತೀರಾ?"

ಜಿತೇಂದ್ರ ಅವಳ ಮುಖ ನೋಡಿದ. ಅವನು ಇಷ್ಟರವರೆಗೆ ಕಂಡ ಗಾಳಿಪಟಗಳಿಗೆ ಗಾಳಿ ಹೊರಗಿನಿಂದ ಬೇಕಾಗುತ್ತಿತ್ತು, ಒಳಗಿನಿಂದ ಅಲ್ಲ. ವನೆಸ್ಸಾ ಡಿಕ್ಕಿಯಿಂದ ಚೀಲವೊಂದನ್ನು ಇಳಿಸಿ ಬಿಚ್ಚಿದಳು. ಗಾಳಿಪಟದ ಮುಂದಿನ ಅಂಚಿನುದ್ದಕ್ಕೂ ತೊಡೆ ಗಾತ್ರದ ದಪ್ಪ ಬಟ್ಟೆಯ ಕೊಳವೆ, ಅದರೊಳಗೆ ಹಾಲಿನ ಕೆನೆಯಷ್ಟು ತೆಳ್ಳಗಿನ ಟ್ಯೂಬು. ಟ್ಯೂಬಿಗೆ ಗಾಳಿ ತುಂಬಿದರೆ ಅಂಚು ಬಿಲ್ಲಿನಂತೆ ಬಾಗಿ ಬಿಗಿಯಾಗುತ್ತದೆ, ನೀರಿಗೆ ಬಿದ್ದರೂ ಮುಳುಗುವುದಿಲ್ಲ. ಹಿಂದಿನ ಭಾನುವಾರ ಅದು ನೀರಿಗೆ ಬೀಳುವ ಬದಲು ದೀಪಸ್ತಂಭದ ಬಂಡೆಯ ಮೇಲೆ ಬಿದ್ದಿತ್ತು. ಕೊಳವೆಯ ಬಟ್ಟೆ ಮೊಣಕೈಯುದ್ದ ಹರಿದಿತ್ತು, ಟ್ಯೂಬಿನಲ್ಲಿ ಎರಡು ತೂತು.

"ಕಂಪೆನಿಗೆ ಕಳಿಸಿದ್ರೆ ಎರಡು ತಿಂಗಳು ಅಂಕಲ್. ಅಷ್ಟರಲ್ಲಿ ಮಳೆ ಬರ್ತದೆ. ಈ ಭಾನುವಾರ ಗೋವಾದಿಂದ ಫ್ರೆಂಡ್ಸ್ ಬರ್ತಾರೆ, ಈ ಸೀಸನ್ನಿಗೆ ಅದೇ ಕೊನೆ. ಬಟ್ಟೆ ಹೊಲಿಯಲಿಕ್ಕೂ ಒಳ್ಳೆಯವರು ಬೇಕು. ಹೊಲಿಗೆ ಸ್ವಲ್ಪ ಸೊಟ್ಟ ಆದ್ರೂ ಕೈಟ್ ಒಂದೇ ಬದಿಗೆ ಎಳೀತದೆ."

"ಹೊಲಿಯುವವರು ನಮ್ಮ ಮನೆಯಲ್ಲೇ ಇದ್ದಾರಲ್ಲ," ಎಂದ ಜಿತೇಂದ್ರ. ಹೇಳಿದ ಮೇಲೆ ಮೂರು ವಾರಗಳ ಕಥೆ ನೆನಪಾಯಿತು. ಆದರೆ ಅಷ್ಟರಲ್ಲಿ ವನೆಸ್ಸಾ ಕಾರಿನ ಬಾಗಿಲು ತೆಗೆದು ಅವನಿಗಾಗಿ ಕಾಯುತ್ತಿದ್ದಳು.

ಮನೆಯ ಅಂಗಳದಲ್ಲಿ ಬಿಡಿಸಿದಾಗ ಗಾಳಿಪಟ ತುಳಸಿಕಟ್ಟೆಯಿಂದ ಬಾವಿಯವರೆಗೆ ಬಂತು. ಕೋಳಿಗಳು ಬೇಲಿ ಹಾರಿದವು. ಯಾರ ಮದುವೆಯ ಶಾಮಿಯಾನ ಎಂದು ಅಮ್ಮಣ್ಣಿ ಕೇಳಿದಳು. ಹರಿಣಾಕ್ಷಿ ಹೊರಗೆ ಬಂದವಳು ಗಂಡನನ್ನು ದಾಟಿ ನೆಲಕ್ಕೆ ಕೂತು, ಹರಿದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ, ಒಳಗಿನ ಹೊಲಿಗೆಯನ್ನು ಬೆಳಕಿಗೆ ಹಿಡಿದಳು.

"ಇದನ್ನು ಹೊಲಿದವರಿಗೆ ಕೆಲಸ ಗೊತ್ತುಂಟು," ಎಂದಳು ವನೆಸ್ಸಾಳಿಗೆ. "ಸುತ್ತಲೂ ಮುಚ್ಚಿದ ಕೊಳವೆ ಅಲ್ವಾ, ಹೀಗೇ ಮಿಷನ್ನಿಗೆ ಕೂರುವುದಿಲ್ಲ. ಹಿಂಬದಿಯ ಹೊಲಿಗೆ ಒಂದೂವರೆ ಅಡಿ ಬಿಚ್ಚಿ, ಬಟ್ಟೆ ಅಗಲ ಮಾಡಿ, ತೇಪೆ ಹಾಕಿ, ಆಮೇಲೆ ಹಿಂಬದಿಯದನ್ನು ಪುನಃ ಮುಚ್ಚಬೇಕು. ಬಿಚ್ಚಿದ ತೂತಿನಲ್ಲೇ ಸೂಜಿ ಇಳಿಸ್ತೇನೆ, ಆಗ ಅಳತೆ ತಪ್ಪುವುದಿಲ್ಲ. ನೀನು ಹೆದರಬೇಡ ಮಗಾ."

ಇಷ್ಟು ಮಾತನ್ನು ಅವಳ ಬಾಯಿಂದ ಒಟ್ಟಿಗೆ ಕೇಳಿ ಜಿತೇಂದ್ರನಿಗೆ ಮೂರು ವಾರವಾಗಿತ್ತು. ಅದು ತನಗಲ್ಲ, ಈಗಷ್ಟೇ ಗುರುತಾದ ಹುಡುಗಿಗೆ ಎಂದು ಅವನಿಗೆ ಹೊಟ್ಟೆಯುರಿಯಿತು. ಸುಳ್ಳೇಕೆ, ಅಳುವೂ ಬಂದಂತಾಯಿತು.

ವನೆಸ್ಸಾ ತೇಪೆಗೆ ಬೇಕಾದ ಬಿಳಿ ಬಟ್ಟೆ, ಟ್ಯೂಬಿಗೆ ಅಂಟಿಸುವ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿಯ ಸುರುಳಿ ಮತ್ತು ಕೈಪಂಪನ್ನು ಬಿಟ್ಟು ಹೋದಳು. ಜಿತೇಂದ್ರ ಟ್ಯೂಬಿನ ತುದಿಗೆ ಉದ್ದನೆಯ ದಾರ ಕಟ್ಟಿ, ಮತ್ತೆ ಒಳಗೆಳೆಯಲು ದಾರವನ್ನು ಕೊಳವೆಯಲ್ಲೇ ಉಳಿಸಿ, ಟ್ಯೂಬನ್ನು ಹೊರಗೆಳೆದ. ಪ್ಲಾಸ್ಟಿಕ್ ಪಟ್ಟಿಯನ್ನು ಮೂಸಿ ನೋಡಿ ಬದಿಗಿಟ್ಟ. ಮಕ್ಕಳ ಪುಸ್ತಕಕ್ಕೆ ಅಂಟಿಸುವ ಸ್ಟಿಕ್ಕರು! ಇಪ್ಪತ್ತೈದು ವರ್ಷ ಟ್ಯೂಬು ಕಂಡವನಿಗೆ ಇದನ್ನು ಕೊಡುವುದೇ? ತೂತಿನ ಸುತ್ತ ಉಜ್ಜಿ, ತನ್ನ ರಬ್ಬರ್ ಸೊಲ್ಯೂಷನ್ ಹಚ್ಚಿ, ತನ್ನದೇ ಪ್ಯಾಚು ಹಾಕಿ, ಮೇಲೆ ಒನಕೆ ಇಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ಪ್ಯಾಚು ಒನಕೆಗೆ ಅಂಟಿತ್ತು, ಟ್ಯೂಬಿಗೆ ಅಲ್ಲ.

ಚಾವಡಿಯ ಹೊಲಿಗೆ ಯಂತ್ರದ ಹಿಂದಿನಿಂದ ಧ್ವನಿ ಬಂತು. "ಅತ್ತೆ, ತಲೆ ಬೇಕಾದ ಕೆಲಸ ಎಲ್ಲಿಯವರೆಗೆ ಬಂತು ಅಂತ ಕೇಳಿ."

"ನೀನೇ ನೋಡುತ್ತಾ ಇದ್ದೀಯಲ್ಲ, ನಾನೆಂತ ಕೇಳುವುದು?" ಎಂದಳು ಅಮ್ಮಣ್ಣಿ.

ಜಿತೇಂದ್ರ ಸ್ಟಿಕ್ಕರನ್ನೇ ಕತ್ತರಿಸಿ ಅಂಟಿಸಿದ. ಗಟ್ಟಿಯಾಗಿ ಕೂತಿತು. ಇದರಿಂದ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಹರಿದ ಜಾಗಕ್ಕೆ ಬಿಳಿ ತೇಪೆ ಬಿದ್ದಿತ್ತು. ಎಷ್ಟು ನೇರವಾಗಿ ಬಿದ್ದಿತ್ತೆಂದರೆ ಅವನು ಬೇಕೆಂದೇ ಎರಡನೆಯ ಸಲ ನೋಡಲಿಲ್ಲ. ಹರಿಣಾಕ್ಷಿ ಹಿಂದಿನ ಬಾಗಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೇಗೂ ತನ್ನ ಕೆಲಸ ಮುಗಿದಿದೆ, ಈಗಲೇ ಟ್ಯೂಬನ್ನು ಒಳಗೆ ಸೇರಿಸಿದರೆ ಸಂಜೆಗೆ ಗಾಳಿ ತುಂಬಿ ನೋಡಬಹುದು ಎಂದುಕೊಂಡು, ಟ್ಯೂಬಿಗೆಲ್ಲ ಪೌಡರ್ ಬಳಿದು, ದಾರ ಎಳೆದು, ಎಲ್ಲಿಯೂ ತಿರುಚದಂತೆ ಒಳಗೆ ಕೂರಿಸಿದ. ಹಿಂಬದಿಯ ಹೊಲಿಗೆಯನ್ನು ಅವಳು ಮುಚ್ಚುವುದು ಬಾಕಿ ಇದೆಯೆಂದು ಅವನಿಗೆ ಹೊಳೆಯಿತು. ಹೊಳೆದದ್ದಕ್ಕೇ ಹೊರಡುವಾಗ ತಾಯಿಗೆ ಹೇಳಿದ: "ಅಮ್ಮ, ಟ್ಯೂಬು ಒಳಗೆ ಹಾಕಿದ್ದೇನೆ, ಹೊಲಿಯುವ ಮೊದಲು ಆಚೆ ಸರಿಸಬೇಕು ಅಂತ ಅವಳಿಗೆ ಹೇಳು. ಮರೀಬೇಡ."

ಬಟ್ಟೆ ಒಗೆಯುವ ಕಲ್ಲಿಗೂ ಚಾವಡಿಗೂ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಅವನು ಇಡಲಿಲ್ಲ. ತಾಯಿ ಆಯಿತೆಂದು ತಲೆಯಾಡಿಸಿದಳು. ಅದೇ ಹೊತ್ತಿಗೆ ರಸ್ತೆಯಲ್ಲಿ ಮೀನಿನವಳು ಕೂಗಿದಳು. ಬಂಗುಡೆ ತಾಜಾ ಇತ್ತು, ಚೌಕಾಶಿ ಅರ್ಧ ಗಂಟೆ ನಡೆಯಿತು, ಕೊನೆಗೆ ಎರಡು ಮೀನು ಜಾಸ್ತಿಯೇ ಬಂದವು. ಆ ಗೆಲುವಿನಲ್ಲಿ ಅಮ್ಮಣ್ಣಿ ಟ್ಯೂಬನ್ನು ಪೂರ್ತಿ ಮರೆತಳು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಜಿತೇಂದ್ರ ಕೈಪಂಪು ಒತ್ತಿದ. ಕೊಳವೆ ಉಬ್ಬಿತು, ಬಾಗಿತು, ಬೆರಳಲ್ಲಿ ಬಡಿದರೆ ಡೋಲಿನಂತೆ ಸದ್ದು ಮಾಡಿತು. ಹರಿಣಾಕ್ಷಿ ಚಾವಡಿಯ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಅವನು ಹೆಮ್ಮೆಯಿಂದ ಕೈ ಒರೆಸಿಕೊಂಡು ಕಾಫಿ ಕುಡಿದು ಬರುವಷ್ಟರಲ್ಲಿ ಕೊಳವೆ ಬಾಡಿ ಮಲಗಿತ್ತು.

ತನ್ನ ಪ್ಯಾಚೇ ಬಿಟ್ಟಿರಬೇಕೆಂದುಕೊಂಡ. ಮತ್ತೆ ಗಾಳಿ ತುಂಬಿ, ಸಾಬೂನು ನೀರನ್ನು ಬ್ರಶ್ಶಿನಿಂದ ಬಳಿಯುತ್ತಾ ಬಂದ. ಮುಂದೆ ಏನಿಲ್ಲ, ಬದಿಯಲ್ಲಿ ಏನಿಲ್ಲ. ಹಿಂದಿನ ಹೊಲಿಗೆಯ ಮೇಲೆ ಬ್ರಶ್ಶು ಹೋದದ್ದೇ ತಡ, ಗುಳ್ಳೆಗಳು ಎದ್ದವು. ಒಂದಲ್ಲ ಎರಡಲ್ಲ, ಹೊಲಿಗೆಯುದ್ದಕ್ಕೂ ಎದ್ದವು. ಅವಳು ಬಟ್ಟೆಯ ಜೊತೆ ಟ್ಯೂಬನ್ನೂ ಸೇರಿಸಿ ಹೊಲಿದಿದ್ದಳು.

ಹರಿಣಾಕ್ಷಿ ಕಂಬ ಬಿಟ್ಟು ಕೆಳಗೆ ಬಂದಳು. ನೋಡಿದಳು. ಅವಳ ಮುಖ ಬಿಳುಚಿತು. ಗಿರಾಕಿಯ ಒಂದು ತುಂಡು ಬಟ್ಟೆಯನ್ನೂ ಇಂದಿನವರೆಗೆ ಕೆಡಿಸಿದವಳಲ್ಲ ಅವಳು.

ಮೂರು ವಾರಗಳಿಂದ ಕಾದಿದ್ದ ಗಳಿಗೆ ಜಿತೇಂದ್ರನಿಗೆ ತಾನಾಗಿಯೇ ಒದಗಿ ಬಂದಿತ್ತು. 'ತಲೆ ಬೇಕು ಅಂತ ಹೇಳಿದ್ದು ಇದಕ್ಕೇ' ಎಂಬ ಮಾತು ನಾಲಿಗೆಯ ತುದಿಯಲ್ಲಿ ಕೂತಿತ್ತು. ಅವನು ಬಾಯಿ ತೆರೆದ. ಆದರೆ ಕಣ್ಣು ಗುಳ್ಳೆಗಳ ಮೇಲಿತ್ತು. ಇಪ್ಪತ್ತೈದು ವರ್ಷ ಗುಳ್ಳೆ ನೋಡಿಯೇ ಅನ್ನ ತಿಂದವನು ಅವನು. ಮೊಳೆಯ ಗುಳ್ಳೆ, ಗಾಜಿನ ಗುಳ್ಳೆ, ಮುಳ್ಳಿನ ಗುಳ್ಳೆ, ಎಲ್ಲವೂ ಅಡ್ಡಾದಿಡ್ಡಿ. ಇಲ್ಲಿ ಒಂದೂವರೆ ಅಡಿಯುದ್ದಕ್ಕೂ ಗುಳ್ಳೆಗಳು ಒಂದೇ ಗೆರೆಯಲ್ಲಿ, ಒಂದೇ ಗಾತ್ರದಲ್ಲಿ, ಒಂದೇ ಅಂತರದಲ್ಲಿ ಕೂತಿದ್ದವು. ಸ್ಕೇಲು ಇಟ್ಟು ತೂತು ಕೊರೆಯಲು ಹೇಳಿದರೂ ಅವನಿಂದ ಆಗದ ಕೆಲಸ.

"ಎಂತ ಹೊಲಿಗೆ ಮಾರಾಯ್ತಿ!" ಎಂದ ಜಿತೇಂದ್ರ. "ಒಂದು ಗುಳ್ಳೆ ಆಚೆ ಈಚೆ ಇಲ್ಲ!"

ಹೇಳಿದ ಮೇಲೆಯೇ ಅವನಿಗೆ ಗೊತ್ತಾದದ್ದು, ತಾನು ಮಾತಾಡಿದ್ದು ತಾಯಿಯೊಂದಿಗಲ್ಲ ಎಂದು. ಹರಿಣಾಕ್ಷಿ ಅವನನ್ನು ದಿಟ್ಟಿಸಿದಳು, ತಮಾಷೆ ಮಾಡುತ್ತಿದ್ದಾನೆಯೇ ಎಂದು ಹುಡುಕುವವಳಂತೆ. ನಂತರ ಸರಸರನೆ ಒಳಗೆ ಹೋದಳು.

"ಅಯ್ಯೋ ದೇವರೇ, ನೀನು ನಿನ್ನೆ ಹೇಳಿದ್ದು ಇದೇ ಅಲ್ವಾ ಮಗ?" ಎಂದು ಅಮ್ಮಣ್ಣಿ ಬಾಯಿಗೆ ಕೈ ಇಟ್ಟಳು. ಆಮೇಲೆ ರೇಗಿದಳು. "ನಾನು ಮೀನು ನೋಡುವುದೋ, ನಿಮ್ಮ ಟ್ಯೂಬು ನೋಡುವುದೋ? ಬಾಯಿ ಇರುವವರಿಬ್ಬರು ಮನೆಯೊಳಗೆ ಇದ್ದುಕೊಂಡು!"

ಜಿತೇಂದ್ರನಿಗೆ ನಾಚಿಕೆಯಾಯಿತು. ಹತ್ತು ಹೆಜ್ಜೆ ನಡೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳ ತಪ್ಪೆಂದು ಕಂಡದ್ದು ಅವನದೇ ತಪ್ಪು, ಅದೂ ಎಷ್ಟು ಸೋಮಾರಿ ತಪ್ಪು.

ಹರಿಣಾಕ್ಷಿ ಬ್ಲೇಡು ಹಿಡಿದುಕೊಂಡು ಹೊರಬಂದು, ಕೂತು, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ತಲೆಯೆತ್ತದೆ ಹೇಳಿದಳು: "ಅತ್ತೆ, ಕೋಳಿಗಳ ಮುಂದೆ ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ಹೇಳಿ."

ಅಮ್ಮಣ್ಣಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಜಿತೇಂದ್ರ ಎದುರು ಕೂತು ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದ. ಟ್ಯೂಬು ಹೊರಬಂದ ಮೇಲೆ ತೂತುಗಳನ್ನು ಎಣಿಸಿದ, ನೂರ ಮೂವತ್ತೆರಡು. ಎಲ್ಲವನ್ನೂ ಮುಚ್ಚುವಂತೆ ಒಂದೇ ಉದ್ದನೆಯ ಪಟ್ಟಿಯನ್ನು ಗಾಳಿಗುಳ್ಳೆ ಉಳಿಯದಂತೆ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅಂಟಿಸಿದ. ಸಂಜೆ ಅವಳು ಖಾಲಿ ಕೊಳವೆಯನ್ನು ಮತ್ತೆ ಮುಚ್ಚುವಾಗ ಅವನು ಅಂಗಡಿಗೆ ಹೋಗದೆ ಯಂತ್ರದ ಪಕ್ಕದಲ್ಲೇ ನಿಂತು ನೋಡಿದ. ಹಳೆಯ ತೂತಿಗೇ ಸೂಜಿ ಇಳಿಯುವಂತೆ ಅವಳು ಬಟ್ಟೆಯನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಮಾಡುತ್ತಿದ್ದಳು. ಮೋಟಾರನ್ನು ಬಳಸಲೇ ಇಲ್ಲ, ಚಕ್ರವನ್ನು ಕೈಯಿಂದ ತಿರುಗಿಸುತ್ತಿದ್ದಳು. ಹದಿನೇಳು ವರ್ಷದಲ್ಲಿ ಅವನು ಇದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಕಾಪು ಬೀಚಿನಲ್ಲಿ ಜಾತ್ರೆಯಷ್ಟು ಜನ. ಗೋವಾದಿಂದ ಬಂದ ಆರೇಳು ಮಂದಿ ತಮ್ಮ ಕೈಟುಗಳಿಗೆ ಗಾಳಿ ತುಂಬುತ್ತಿದ್ದರು. ಅಂಬಲಪಾಡಿಯಿಂದ ಶರ್ಮಿಳಾ ಮತ್ತು ಅವಳ ಗಂಡ ರೋಹಿತ್ ನೆಂಟರನ್ನೂ ಕಾರಿನಲ್ಲಿ ತುಂಬಿಸಿಕೊಂಡು ಬಂದಿದ್ದರು. ಅಕ್ಕ ಹೊಲಿದದ್ದು ಹಾರುತ್ತದಂತೆ ಎಂದು ಕೇಳಿದ ಮೇಲೆ ಸುಮ್ಮನೆ ಕೂರುವುದುಂಟೇ? ಅಮ್ಮಣ್ಣಿ ಮೊಮ್ಮಕ್ಕಳ ವಯಸ್ಸಿನವರ ನಡುವೆ ಚುರುಮುರಿಯ ಗಾಡಿ ಹುಡುಕಿಕೊಂಡು ಹೋದಳು.

ವನೆಸ್ಸಾ ಕೈಟನ್ನು ಎಬ್ಬಿಸಿದಳು. ಅದು ಮರಳಿನಿಂದ ಎದ್ದು, ಒಮ್ಮೆ ನಡುಗಿ, ನೆತ್ತಿಯ ಮೇಲೆ ಹೋಗಿ ನಿಂತಿತು. ಹರಿಣಾಕ್ಷಿ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದಳು. ಅದು ಎಡಕ್ಕೆ ಎಳೆಯಲಿಲ್ಲ, ಬಲಕ್ಕೆ ಎಳೆಯಲಿಲ್ಲ. ವನೆಸ್ಸಾ ನೀರಿಗೆ ಇಳಿದು ಹಲಗೆಯ ಮೇಲೆ ನಿಂತು ದೀಪಸ್ತಂಭದ ಕಡೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಅರ್ಧ ಗಂಟೆಯ ಬಳಿಕ ದಡಕ್ಕೆ ಬಂದಾಗಲೂ ಕೊಳವೆ ಬಡಿದರೆ ಸದ್ದು ಮಾಡುವಷ್ಟು ಬಿಗಿಯಾಗಿತ್ತು.

"ಸೂಪರ್ ಅಂಕಲ್!" ಎಂದು ಅವಳು ನೀರು ಸುರಿಸಿಕೊಂಡೇ ಓಡಿ ಬಂದಳು. "ಇವರೆಲ್ಲ ಕೇಳ್ತಾ ಇದ್ದಾರೆ, ಯಾರು ರಿಪೇರಿ ಮಾಡಿದ್ದು ಅಂತ."

ಜನ ಸುತ್ತ ಸೇರಿದರು. ರೋಹಿತ್ ಜಿತೇಂದ್ರನ ಬೆನ್ನಿಗೆ ಬಡಿದು, "ಜಿತಣ್ಣ, ಪಂಕ್ಚರಿಗೆ ತಲೆ ಬೇಕು ಅಂತ ಆ ದಿನ ನೀವು ಹೇಳಿದ್ದು ಸತ್ಯ ಮಾರಾಯ್ರೆ!" ಎಂದ. ನೆಂಟರು ನಕ್ಕರು. ಹರಿಣಾಕ್ಷಿ ಏನೂ ಕೇಳದವಳಂತೆ ಕೈಟಿನ ಮೇಲಿನ ಮರಳು ಕೊಡವತೊಡಗಿದಳು.

ಈಗ ಸುಮ್ಮನಿದ್ದರೆ ಹೊಗಳಿಕೆ ತನ್ನದು. ಹೇಳಬೇಕೆಂದರೆ ಗುಳ್ಳೆಗಳ ಕಥೆಯನ್ನೇ ಹೇಳಬೇಕು, ಬೇರೆ ಮಾತು ಅವನಿಗೆ ಬರುವುದಿಲ್ಲ. ಗುಳ್ಳೆಗಳ ಕಥೆ ಹೇಳಿದರೆ ಅವಳು ಟ್ಯೂಬು ಹೊಲಿದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಜಿತೇಂದ್ರ ತಲೆ ಕೆರೆದುಕೊಂಡ. ಹೆಂಡತಿಯನ್ನು ಬಿಟ್ಟುಕೊಡದೆ ಈ ಕಥೆ ಹೇಳಲು ಒಂದೇ ದಾರಿ ಇತ್ತು. ಅವನು ಲುಂಗಿ ಎತ್ತಿ ಕಟ್ಟಿ, ಪಂಕ್ಚರ್ ಅಂಗಡಿಯಿಂದ ಲಾರಿಯವರನ್ನು ಕರೆಯುವ ಧ್ವನಿಯಲ್ಲಿ ಶುರು ಮಾಡಿದ.

"ಸತ್ಯ ಅಲ್ಲ ರೋಹಿತ್. ಆ ದಿನ ನಾನು ಹೇಳಿದ್ದು ಪೆದ್ದುತನ. ಮೊದಲು ನನ್ನ ಪ್ಯಾಚು ಒನಕೆಗೆ ಅಂಟಿತು. ಆಮೇಲೆ ಟ್ಯೂಬನ್ನು ಬಟ್ಟೆಯೊಳಗೆ ಹಾಕಿದವನು ನಾನು, ಇವಳಿಗೆ ಹೇಳದೆ. ಯಾಕೆ ಹೇಳಲಿಲ್ಲ ಅಂದರೆ ಮೂರು ವಾರದಿಂದ ಇವಳ ಹತ್ತಿರ ಮಾತಾಡಲಿಲ್ಲ, ಅಷ್ಟು ನನ್ನ ತಲೆ! ಇವಳು ನಂಬಿ ಹೊಲಿದಳು, ಟ್ಯೂಬಿಗೆ ನೂರ ಮೂವತ್ತೆರಡು ತೂತು ಆಯಿತು. ನಾನು ಸಾಬೂನು ಹಾಕಿ ನೋಡಿದೆ. ನೂರ ಮೂವತ್ತೆರಡು ಗುಳ್ಳೆ, ಒಂದು ಆಚೆ ಈಚೆ ಇಲ್ಲ. ತೂತು ಮುಚ್ಚಲಿಕ್ಕೆ ಸ್ಟಿಕ್ಕರ್ ಸಾಕು, ಯಾರು ಬೇಕಾದರೂ ಅಂಟಿಸಬಹುದು. ಆ ಗೆರೆ ಎಳೆಯಲಿಕ್ಕೆ ಈ ಜಿಲ್ಲೆಯಲ್ಲಿ ಇನ್ನೊಬ್ಬರು ಇಲ್ಲ. ಕೈಟ್ ನೇರ ಹಾರಿದ್ದು ನನ್ನಿಂದ ಅಲ್ಲ, ಹರಿಣಾಕ್ಷಿಯ ಕೈಯಿಂದ."

ಗೋವಾದವರಿಗೆ ಕನ್ನಡ ಬಾರದಿದ್ದರೂ ಚಪ್ಪಾಳೆ ಹೊಡೆದರು. ನೆಂಟರು ಒಬ್ಬರನ್ನೊಬ್ಬರು ನೋಡಿಕೊಂಡರು. ಶರ್ಮಿಳಾ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಜಿತೇಂದ್ರನ ಕಿವಿ ಬಿಸಿಯಾಗಿತ್ತು, ಕಾಲು ಮರಳಲ್ಲಿ ಹೂತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಹರಿಣಾಕ್ಷಿ ಮರಳು ಕೊಡವುವುದನ್ನು ನಿಲ್ಲಿಸಿದ್ದಳು.

"ಅತ್ತೆ..." ಎಂದು ಶುರು ಮಾಡಿ ಅವಳು ಪಕ್ಕಕ್ಕೆ ತಿರುಗಿದಳು. ಅಮ್ಮಣ್ಣಿ ದೂರದಲ್ಲಿ, ಚುರುಮುರಿಗೆ ಈರುಳ್ಳಿ ಕಡಿಮೆಯಾಯಿತೆಂದು ಗಾಡಿಯವನೊಂದಿಗೆ ಜಗಳದಲ್ಲಿದ್ದಳು. ಹರಿಣಾಕ್ಷಿ ಗಂಡನ ಮುಖವನ್ನೇ ನೋಡಬೇಕಾಯಿತು.

"ಈ ಗಾಳಿಗೆ ನನಗೆ ಎಂತದೂ ಕೇಳಿಸಲಿಲ್ಲ," ಎಂದಳು. "ಇಲ್ಲಿ ಹತ್ತಿರ ಬಂದು ಇನ್ನೊಮ್ಮೆ ಹೇಳಿ."

ಜಿತೇಂದ್ರ ಮರಳಿನಿಂದ ಕಾಲು ಕಿತ್ತು ಅವಳ ಹತ್ತಿರ ಹೋದ, ಒನಕೆಯಿಂದಲೇ ಮತ್ತೆ ಶುರು ಮಾಡಿದ.